ಅಂಚೆಗೆ ಬೀಳದ ಕಾರ್ಡು

ಕಳೆದ ರಮಝಾನ್ ಮುಗಿದ ಮೇಲೆ ಒಂದು ರಾತ್ರಿ ನಮ್ಮ ಮಗಳು ತನ್ನ ಮೊಬೈಲಿನಲ್ಲಿ ಒಂದು ಇಂಗ್ಲಿಷ್ ಸಿನಿಮಾ ಹಚ್ಚಿ ನಮ್ಮ ಮುಂದೆ ಇಟ್ಟಳು. ‘ನೋವೇರ್ ಬಾಯ್’ ಎಂದು ಅದರ ಹೆಸರು. 2009ರಲ್ಲಿ ಬಂದದ್ದು. ಬೀಟಲ್ಸ್ ತಂಡದ ಜಾನ್ ಲೆನನ್‌ನ ಹದಿಹರೆಯದ ಕತೆ. ನಮಗೆ ಬೀಟಲ್ಸ್ ಹಾಡುಗಳು ಅಷ್ಟೇನೂ ಗೊತ್ತಿಲ್ಲ. ಕಾಲೇಜಿನಲ್ಲಿದ್ದಾಗ ಯಾರದೋ ಕ್ಯಾಸೆಟ್ಟಿನಲ್ಲಿ ಒಂದೆರಡು ಕೇಳಿದ್ದೆವು, ಅಷ್ಟೆ. ಹಾಡುಗಾರನ ಸಿನಿಮಾ ಎಂದರೆ ಹಾಡು, ಚಪ್ಪಾಳೆ, ಜನಜಂಗುಳಿ ಇರುತ್ತದೆಂದು ಕುಳಿತೆವು. ಇದರಲ್ಲಿ ಅದೊಂದೂ ಇಲ್ಲ. ಲಿವರ್‌ಪೂಲ್ ಎಂಬ ಊರಿನ ಒಬ್ಬ ಪೋರ, ಐದು ವರ್ಷದವನಿದ್ದಾಗಿನಿಂದ ಅವನನ್ನು ಸಾಕಿದ ಗಂಭೀರ ಮುಖದ ದೊಡ್ಡಮ್ಮ, ಹತ್ತಿರದಲ್ಲೇ ಇದ್ದೂ ದೂರವಾಗಿದ್ದ ಹೆತ್ತ ತಾಯಿ. ಅವನಿಗೆ ಬ್ಯಾಂಜೋ ವಾದ್ಯದ ಮೇಲೆ ಬೆರಳಿಡಲು ಕಲಿಸಿದವಳು ಆ ತಾಯಿ. ಅವಳು 1958ರ ಜುಲೈಯಲ್ಲಿ ತಂಗಿಮಕ್ಕಳ ಹಾಗೆ ಅಕ್ಕನ ಮನೆಗೆ ಬಂದು ಹೊರಟವಳು ಕಾರಿಗೆ ಸಿಕ್ಕು ತೀರಿಕೊಂಡಳು. ಹುಡುಗನಿಗೆ ಆಗ ಹದಿನೇಳು. ಅವನು ಜರ್ಮನಿಯ ಹ್ಯಾಂಬರ್ಗ್ ನಗರಕ್ಕೆ ಹೊರಡುವಲ್ಲಿಗೆ ಸಿನಿಮಾ ಮುಗಿಯುತ್ತದೆ. ಕೀರ್ತಿ ಬರುವುದು ಅದರ ಆಚೆಗೆ.

ನಮ್ಮ ಪಕ್ಕದಲ್ಲಿ ನಮ್ಮ ತಮ್ಮ ಕುಳಿತಿದ್ದ. ಅವನಿಗೆ ಕಣ್ಣಿಲ್ಲ. ಮಗಳು ಅವನ ಕಿವಿಗೊಂದು, ತನ್ನ ಕಿವಿಗೊಂದು ವೈರು ಹಾಕಿಕೊಂಡು ಚಿತ್ರದಲ್ಲಿ ನಡೆಯುತ್ತಿದ್ದುದನ್ನು ನಮ್ಮ ಮನೆಮಾತಾದ ದಖನಿಯಲ್ಲಿ ಅವನಿಗೆ ಹೇಳುತ್ತಿದ್ದಳು. ಮುಗಿದ ಮೇಲೆ ಅವನು ಕೇಳಿದ: “ಹಾನಗಲ್ಲಿನಾಗ ನೋಡಿದ್ವಲ್ಲ, ಆ ಸಿನಿಮಾ ಇದರಾಗ ಸಿಗ್ತದೇನು?”

ನಮಗೆ ಎದೆ ಧಸಕ್ಕೆಂದಿತು. ಮೂವತ್ತು ವರ್ಷಗಳಿಂದ ಆ ಸಿನಿಮಾದ ಹೆಸರು ನಮ್ಮ ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ನಾವು ಸವಣೂರಿನವರು. ಊರಿನ ಹೆಸರು ಹೇಳಿದರೆ ಜನ ನವಾಬರನ್ನು ನೆನೆಯುತ್ತಾರೆ, ಖಾರ ನೆನೆಯುತ್ತಾರೆ, ಆಮೇಲೆ ವೀಳ್ಯದೆಲೆ. ನಮ್ಮ ಅಬ್ಬಾ ಎಲೆ ವ್ಯಾಪಾರಿ. ತೋಟ ನಮ್ಮದಲ್ಲ, ಹೊತ್ತು ಮಾರುವುದಷ್ಟೇ ನಮ್ಮದು. ಎಲೆಯ ಪೆಂಡಿಗೆ ನೀರು ಚಿಮುಕಿಸಿ, ಬಾಳೆಪಟ್ಟಿಯಲ್ಲಿ ಸುತ್ತಿ, ಬಸ್ಸಿನ ಟಾಪಿಗೆ ಹಾಕಿ ಒಂದು ದಿನ ಶಿಗ್ಗಾವಿ, ಒಂದು ದಿನ ಹಾನಗಲ್ಲು, ಒಂದು ದಿನ ಹಿರೇಕೆರೂರು ಹೀಗೆ ಸಂತೆ ಸುತ್ತುತ್ತಿದ್ದರು. ಆಗ ಇವೆಲ್ಲ ಧಾರವಾಡ ಜಿಲ್ಲೆ. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ನಾವು ಉರ್ದು ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ಕನ್ನಡ ಹೈಸ್ಕೂಲು ಸೇರಿದೆವು. ಮನೆಯಲ್ಲಿ ಕನ್ನಡ ಬರೆಯಬಲ್ಲವರು ನಾವೊಬ್ಬರೇ ಆದೆವು. ರೇಷನ್ ಕಾರ್ಡಿನ ಅರ್ಜಿ, ಓಣಿಯ ವಿಧವೆಯರ ಪಿಂಚಣಿ ಅರ್ಜಿ, ಸಂತೆಯ ಬಾಕಿ ಲೆಕ್ಕ, ಎಲ್ಲ ನಮ್ಮ ಕೈಯಿಂದಲೇ ಆಗಬೇಕಿತ್ತು. ಮುಂದೆ ಕತೆ ಬರೆಯಲು ತೊಡಗಿದ ಕೈ ಮೊದಲು ಕನ್ನಡ ಪಳಗಿಸಿಕೊಂಡದ್ದು ಈ ಅರ್ಜಿಗಳಲ್ಲಿ.

ತಮ್ಮ ನಮಗಿಂತ ಮೂರು ವರ್ಷ ಚಿಕ್ಕವನು. ಎರಡನೆಯ ವಯಸ್ಸಿನಲ್ಲಿ ದಡಾರ ಬಂತು. ದಡಾರ ಇಳಿಯಿತು, ಕಣ್ಣ ಮೇಲೆ ಬಿಳಿ ಪೊರೆ ಉಳಿಯಿತು. ಎ ಜೀವಸತ್ವದ ಕೊರತೆ ಇರುವ ಮಗುವಿಗೆ ದಡಾರ ಬಂದರೆ ಕಣ್ಣುಗುಡ್ಡೆಯೇ ಕರಗಿ ಹೋಗಬಹುದೆಂದು ನಾವು ತಿಳಿದದ್ದು ಬಹಳ ವರ್ಷಗಳ ನಂತರ. ಆಗ ಅಮ್ಮಿಗೆ ತಿಳಿದದ್ದು ದೃಷ್ಟಿ ತೆಗೆಯುವುದು, ದರ್ಗಾಕ್ಕೆ ಹರಕೆ ಹೊರುವುದು. ಹುಲಗೂರಿನ ಹಜರತ್ ಶಾ ಖಾದ್ರಿಯವರ ದರ್ಗಾಕ್ಕೆ ಅವನನ್ನು ಎಷ್ಟು ಸಲ ಹೊತ್ತೊಯ್ದರೋ ಲೆಕ್ಕವಿಲ್ಲ.

ಆದರೆ ಅವನಿಗೆ ಕೊರಳಿತ್ತು. ನಮ್ಮ ಮನೆಯ ಹಳೆಯ ರೇಡಿಯೊದಲ್ಲಿ ಧಾರವಾಡ ಆಕಾಶವಾಣಿ ಬೆಳಗಿನ ಹೊತ್ತು ಹಿಂದುಸ್ತಾನಿ ಗಾಯನ ಹಾಕುತ್ತಿತ್ತು. ನಮಗೆ ಅದು ಮುಂದೆ ಬರುವ ಸುದ್ದಿಗಾಗಿ ತಡೆದುಕೊಳ್ಳಬೇಕಾದ ಗದ್ದಲ. ಅವನು ರೇಡಿಯೊದ ಮುಂದೆ ಕುಳಿತು ಕೇಳಿದ್ದನ್ನು ಹಾಗೆಯೇ ಕೊರಳಿನಿಂದ ತೆಗೆಯುತ್ತಿದ್ದ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ರಿವಾಯತ್ ಪದ ಹೇಳುವ ಮೇಳಕ್ಕೆ ಹತ್ತು ವರ್ಷದ ಅವನೇ ಮುಂದಾಳು. ಮೇಳದಲ್ಲಿ ನಮ್ಮವರೂ ಇರುತ್ತಿದ್ದರು, ಕುರುಬರು, ಲಿಂಗಾಯತರೂ ಇರುತ್ತಿದ್ದರು. ಕರ್ಬಲಾದ ದುಃಖವನ್ನು ಕನ್ನಡದಲ್ಲಿ ಅವನು ಎತ್ತಿಕೊಂಡರೆ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

1996ರ ಬೇಸಗೆ ರಜೆಯಲ್ಲಿ ಹಾನಗಲ್ಲಿನ ಮಾಮುವಿನ ಮನೆಗೆ ಹೋಗಿದ್ದೆವು. ಅಲ್ಲಿ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಸಿನಿಮಾ ಬಂದಿತ್ತು. ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ ಚಿತ್ರ. ಹಂಸಲೇಖರಿಗೆ ಸಂಗೀತಕ್ಕಾಗಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಅದರಲ್ಲಿನ ಒಂದು ಹಾಡಿಗಾಗಿ 1995ನೇ ಸಾಲಿನ ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದು ಇದೇ ಚಿತ್ರ. ಹಾನಗಲ್ಲಿನವರಿಗೆ ಇವಾವುದಕ್ಕಿಂತಲೂ ದೊಡ್ಡ ಸಂಗತಿಯೆಂದರೆ ಸಿನಿಮಾದ ಹುಡುಗ ತಮ್ಮ ತಾಲೂಕಿನವನು ಎಂಬುದು. 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಗದಿಗೆಯ್ಯ. ಹುಟ್ಟಿನಿಂದಲೇ ಕುರುಡ. ಒಡಹುಟ್ಟಿದವನೊಬ್ಬನೂ ಕುರುಡ. ಸಂತೆಗೆ ಬಂದವರು ಎತ್ತು ಕಟ್ಟಿ ಸಿನಿಮಾ ನೋಡಿ ಹೋಗುತ್ತಿದ್ದರು.

ನಾವು ತಮ್ಮನ ಕೈ ಹಿಡಿದು ಟಾಕೀಸಿಗೆ ಹೋದೆವು. ಪರದೆಯ ಮೇಲೆ ನಡೆಯುವುದನ್ನು ಅವನ ಕಿವಿಯಲ್ಲಿ ಪಿಸುಗುಡತೊಡಗಿದೆವು. ಸ್ವಲ್ಪ ಹೊತ್ತಿಗೆ ಅವನು ನಮ್ಮ ಬಾಯಿಯ ಮೇಲೆ ಕೈಯಿಟ್ಟು “ಚುಪ್” ಎಂದ. ಹಾಡು ಬಂದಾಗಲೆಲ್ಲ ಅವನ ಬೆರಳು ನಮ್ಮ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಹೊರಗೆ ಬಂದ ಮೇಲೆ ಒಂದೇ ಪ್ರಶ್ನೆ ಕೇಳಿದ: “ಅಂವನ್ನ ಮನಿಯಿಂದ ಕರ್ಕೊಂಡು ಹೋದ್ರಲ್ಲ, ಅವಾಗ ಅಂವಗ ಎಷ್ಟು ವಯಸ್ಸು?”

ಆ ಪ್ರಶ್ನೆ ಎಂಥದೆಂದು ನಮಗೆ ಆಗ ತಿಳಿಯಲಿಲ್ಲ. ಈಗ ತಿಳಿಯುತ್ತದೆ. ಗದಿಗೆಯ್ಯ ಪಂಚಾಕ್ಷರಿ ಗವಾಯಿಗಳಾದದ್ದು ತನ್ನ ಕೊರಳಿನ ಬಲವೊಂದರಿಂದಲೇ ಅಲ್ಲ. ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು ಆ ಕುರುಡು ಮಕ್ಕಳ ಹಾಡು ಕೇಳಿ ತಮ್ಮೊಡನೆ ಕರೆದೊಯ್ದರು. ಮೈಸೂರಿಗೆ ಕಳಿಸಿ ಕರ್ನಾಟಕ ಸಂಗೀತ ಕಲಿಸಿದರು. ಬಾದಾಮಿಯ ಹತ್ತಿರ 1909ರಲ್ಲಿ ತಾವೇ ಸ್ಥಾಪಿಸಿದ ಶಿವಯೋಗಮಂದಿರಕ್ಕೆ ನೀಲಕಂಠಬುವಾ ಮಿರಜಕರರನ್ನು ಕರೆಸಿ ಹಿಂದುಸ್ತಾನಿ ಕಲಿಸಿದರು. ಅದೂ ಸಾಲದೆಂದು ಗವಾಯಿಗಳು ಮುಂದೆ ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿ ಕಲಿತರು. ಈ ಉಸ್ತಾದರಿಗೆ ಕಿವಿ ಮಂದ. ‘ಬೆಹರೆ ವಹೀದ್ ಖಾನ್’ ಎಂದೇ ಸಂಗೀತ ಲೋಕ ಅವರನ್ನು ಕರೆಯಿತು. ಕಣ್ಣಿಲ್ಲದ ಜಂಗಮ ಶಿಷ್ಯ, ಕಿವಿ ಮಂದವಾದ ಮುಸ್ಲಿಮ್ ಗುರು. ಅವರಿಬ್ಬರೂ ಎದುರುಬದುರು ಕುಳಿತು ಒಂದು ರಾಗವನ್ನು ಗಂಟೆಗಟ್ಟಲೆ ಬಿಡಿಸುತ್ತಿದ್ದುದನ್ನು ನಾವು ಈಗಲೂ ಕಲ್ಪಿಸಿಕೊಳ್ಳುತ್ತೇವೆ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಈ ಗವಾಯಿಗಳು ಕಟ್ಟಿದ್ದು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಅವರಂಥವರು ಅವರ ಶಿಷ್ಯರು. 1944ರಲ್ಲಿ ಗವಾಯಿಗಳು ತೀರಿಕೊಂಡ ಮೇಲೆ ಆಶ್ರಮವನ್ನು ಹೊತ್ತ ಪುಟ್ಟರಾಜ ಗವಾಯಿಗಳು ಕೂಡ ಹಾನಗಲ್ಲ ತಾಲೂಕಿನವರೇ. ಅವರೂ ಕೂಸಿನಲ್ಲೇ ಕಣ್ಣು ಕಳೆದುಕೊಂಡವರು. ಸೋದರಮಾವ ಕೈಹಿಡಿದು ತಂದು ಗುರುಗಳ ಮುಂದೆ ನಿಲ್ಲಿಸಿದ ಹುಡುಗ. ನಾಟಕ ಕಂಪನಿ ಕಟ್ಟಿ, ಅದರ ಹಣದಲ್ಲಿ ನೂರಾರು ಕುರುಡು ಮಕ್ಕಳಿಗೆ ಅನ್ನ ಹಾಕಿದವರು. ಅಲ್ಲಿ ಜಾತಿ ಕೇಳುವುದಿಲ್ಲ, ಧರ್ಮ ಕೇಳುವುದಿಲ್ಲ ಎಂದು ನಮ್ಮ ಸೀಮೆಗೆಲ್ಲ ಗೊತ್ತಿತ್ತು.

ಅದು ನಮ್ಮ ಕನ್ನಡ ಮಾಸ್ತರರಿಗೂ ಗೊತ್ತಿತ್ತು. ಅವರು ಹಿರೇಕೆರೂರು ಕಡೆಯವರು. ತಮ್ಮ ತಾಲೂಕು ಸರ್ವಜ್ಞನದೆಂದು ವಾರಕ್ಕೊಮ್ಮೆಯಾದರೂ ಹೇಳದೆ ಬಿಡುತ್ತಿರಲಿಲ್ಲ. ನಾವು ಶಾಲೆಗೆ ಹೋಗುವಾಗ ತಮ್ಮನನ್ನೂ ಕರೆದೊಯ್ಯುತ್ತಿದ್ದೆವು. ಅವನು ಕಿಟಕಿಯ ಹೊರಗೆ ಕಟ್ಟೆಯ ಮೇಲೆ ಕುಳಿತು ಪಾಠ ಕೇಳುತ್ತಿದ್ದ. ರಜೆ ಮುಗಿದು ಶಾಲೆ ಶುರುವಾದ ದಿನ ಅವನು ಸಿನಿಮಾದ ಹಾಡನ್ನು ಅಲ್ಲಿ ಕುಳಿತು ಹಾಡಿದ. ಮಾಸ್ತರರು ಪಾಠ ನಿಲ್ಲಿಸಿ ಹೊರಗೆ ಹೋದರು. ಸಂಜೆ ಅವರೇ ನಮ್ಮ ಮನೆಗೆ ಬಂದರು. ಅಬ್ಬಾನ ಮುಂದೆ ಚಾಪೆಯ ಮೇಲೆ ಕುಳಿತು, ಈ ಹುಡುಗನನ್ನು ಗದುಗಿಗೆ ಕಳಿಸಿ, ಊಟ ವಸತಿ ಅವರದೇ, ಇಲ್ಲಿ ಇವನಿಗೆ ಏನಿದೆ ಎಂದರು. ಆಶ್ರಮದ ವಿಳಾಸ ಬರೆದ ಒಂದು ಪೋಸ್ಟ್ ಕಾರ್ಡನ್ನು ನಮ್ಮ ಕೈಗೆ ಕೊಟ್ಟು, ಹಿಂದಿನ ಮಗ್ಗುಲು ನೀನೇ ಬರಿ, ನಿನ್ನ ತಮ್ಮನ ವಿಷಯ ನಿನ್ನ ಅಕ್ಷರದಲ್ಲೇ ಹೋಗಲಿ ಎಂದರು.

ಓದುಗರು ಇಲ್ಲಿ, ಅಬ್ಬಾ ಬೇಡವೆಂದರು, ಮೌಲ್ವಿ ಸಾಹೇಬರು ಹರಾಮ್ ಎಂದರು ಎಂದು ಊಹಿಸುವುದು ಸಹಜ. ನಾವೂ ನಮ್ಮ ಒಂದು ಕತೆಯಲ್ಲಿ ಹಾಗೆಯೇ ಬರೆದು ಚಪ್ಪಾಳೆ ಗಿಟ್ಟಿಸಿದ್ದೇವೆ. ನಡೆದದ್ದು ಹಾಗಲ್ಲ. ಅಬ್ಬಾ ಎರಡು ವಾರ ಸುಮ್ಮನಿದ್ದರು. ಎಲೆ ಕಟ್ಟುವಾಗ ಅವರ ಕೈ ತಡೆದು ನಿಲ್ಲುತ್ತಿತ್ತು. ಒಂದು ಶುಕ್ರವಾರ ಜುಮ್ಮಾ ನಮಾಝಿನ ನಂತರ ಮೌಲ್ವಿ ಸಾಹೇಬರನ್ನು ಕೇಳಿದರು. ಆ ಮುದುಕರು ಗಡ್ಡ ನೇವರಿಸುತ್ತ ಬಹಳ ಹೊತ್ತು ಯೋಚಿಸಿ, “ಸಂಗೀತದ ಬಗ್ಗೆ ನನಗೆ ಅನುಮಾನ ಇದೆ. ಹುಡುಗನ ಹೊಟ್ಟೆಯ ಬಗ್ಗೆ ಅನುಮಾನ ಇಲ್ಲ. ನಾವು ಸತ್ತ ಮೇಲೆ ಅವನನ್ನು ಯಾರು ನೋಡ್ತಾರೆ? ಕಲಿತ ಸೂರಾಗಳನ್ನು ಮರೆಯದ ಹಾಗೆ ಹೇಳಿ ಕಳಿಸಿ” ಎಂದರು. ಅಮ್ಮಿ ಅತ್ತರು, ಆಮೇಲೆ ಎರಡು ಜೊತೆ ಅಂಗಿ ಹೊಲಿಯಲು ಕೂತರು. ಅಬ್ಬಾ ನಮ್ಮನ್ನು ಕರೆದು “ಕಾರ್ಡ್ ಬರಿ” ಎಂದರು.

ನಾವು ಬರೆದೆವು. ಎರಡು ಸಲ ಪಾಟಿಯ ಮೇಲೆ ಬರೆದು ಅಳಿಸಿ, ಮೂರನೆಯ ಸಲ ಕಾರ್ಡಿಗೆ ಇಳಿಸಿದೆವು. ಮರುದಿನ ಶಾಲೆಗೆ ಹೋಗುವಾಗ ಡಬ್ಬಿಗೆ ಹಾಕುತ್ತೇವೆಂದು ಹೇಳಿ ಸಮಾಜ ವಿಜ್ಞಾನದ ಪುಸ್ತಕದೊಳಗೆ ಇಟ್ಟುಕೊಂಡೆವು. ಹಾಕಲಿಲ್ಲ.

ಯಾಕೆ ಹಾಕಲಿಲ್ಲವೆಂದು ಮೂವತ್ತು ವರ್ಷಗಳಲ್ಲಿ ನಾವು ನಮಗೇ ಬೇರೆಬೇರೆ ಉತ್ತರ ಕೊಟ್ಟುಕೊಂಡಿದ್ದೇವೆ. ಒಂದು, ಕಾಲ ಕೆಟ್ಟದಿತ್ತು. ಅಯೋಧ್ಯೆಯ ಮಸೀದಿ ಬಿದ್ದು ನಾಲ್ಕು ವರ್ಷ ತುಂಬಿರಲಿಲ್ಲ. 1994ರ ಆಗಸ್ಟ್ 15ರಂದು ಹುಬ್ಬಳ್ಳಿಯ ಈದ್ಗಾ ಮೈದಾನದ ಗಲಾಟೆಯಲ್ಲಿ ಗೋಲಿಬಾರಾಗಿ ಜನ ಸತ್ತಿದ್ದರು. ಅದಾದ ಮೇಲೆ ಹುಬ್ಬಳ್ಳಿ ದಾಟಿ ಹೋಗುವುದೆಂದರೆ ನಮ್ಮ ಓಣಿಯ ಹೆಂಗಸರಿಗೆ ಎದೆ ನಡುಗುತ್ತಿತ್ತು. ಎರಡು, ಕ್ರಿಕೆಟ್ ಆಡುವ ಬಯಲಿನಲ್ಲಿ ನಮ್ಮ ವಾರಿಗೆಯ ಹುಡುಗರು “ನಿನ್ನ ತಮ್ಮ ಸ್ವಾಮಿ ಆಗ್ತಾನಂತೆ” ಎಂದು ಆಡಿಕೊಳ್ಳುತ್ತಿದ್ದರು. ಹದಿನೈದರ ಹುಡುಗನಿಗೆ ಆ ಮಾತು ಮುಳ್ಳು. ಮೂರನೆಯದನ್ನು ನಾವು ಇದುವರೆಗೆ ಎಲ್ಲಿಯೂ ಬರೆದಿಲ್ಲ. ಊರಿನಲ್ಲಿ ನಮ್ಮನ್ನು ಯಾರೂ ನಮ್ಮ ಹೆಸರಿನಿಂದ ಕರೆಯುತ್ತಿರಲಿಲ್ಲ. “ಹಾಡೋ ಹುಡುಗನ ಅಣ್ಣ” ಎನ್ನುತ್ತಿದ್ದರು. ಅದರ ಮೇಲೆ ನಮಗೆ ಸಿಟ್ಟಿತ್ತು. ಅವನು ಹೋಗಿ ಇನ್ನೂ ದೊಡ್ಡವನಾದರೆ ಎಂಬ ಹೊಟ್ಟೆಕಿಚ್ಚೂ ಇತ್ತು. ಅವನ ಕೈ ನಮ್ಮ ಕೈಯಲ್ಲಿಲ್ಲದೆ ನಾವು ಶಾಲೆಗೆ ಹೋಗುವುದು ಹೇಗೆ ಎಂಬ ಹೆದರಿಕೆಯೂ ಇತ್ತು. ಇವು ಮೂರೂ ಒಂದೇ ಹುಡುಗನೊಳಗೆ ಒಟ್ಟಿಗೆ ಇದ್ದವು.

ಎರಡು ತಿಂಗಳ ನಂತರ ಅಬ್ಬಾ ಕೇಳಿದರು: “ಜವಾಬು ಬಂತೇನು?” ಇಲ್ಲ ಎಂದೆವು. ಅವರು ಎಲೆಯ ಪೆಂಡಿಯನ್ನು ಹೆಗಲಿಗೇರಿಸುತ್ತ, “ದೊಡ್ಡ ಜಾಗ. ಬಡವರ ಕಾರ್ಡು ಯಾರು ಓದ್ತಾರೆ” ಎಂದರು. ಮಾಸ್ತರರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ಕಾರ್ಡು ಮುಟ್ಟದ ಆ ಆಶ್ರಮದ ಮೇಲೆ ನಮ್ಮ ಮನೆಯಲ್ಲಿ ಒಂದು ಸುಳ್ಳು ಅಪವಾದ ಕುಳಿತುಬಿಟ್ಟಿತು. ಯಾವ ಮಗುವಿಗೂ ಬಾಗಿಲು ಮುಚ್ಚದ ಕಡೆ ನಮ್ಮ ಹುಡುಗನಿಗೆ ಬಾಗಿಲು ಮುಚ್ಚಿತೆಂದು ಅಬ್ಬಾ ನಂಬಿದರು, ಆ ನಂಬಿಕೆಯಲ್ಲೇ ತೀರಿಕೊಂಡರು. 2010ರ ಸೆಪ್ಟೆಂಬರಿನಲ್ಲಿ ಪುಟ್ಟರಾಜ ಗವಾಯಿಗಳು ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂದಾಗ, ಗದುಗಿನಲ್ಲಿ ಸೇರಿದ ಜನಸಾಗರವನ್ನು ತೋರಿಸುವಾಗ, ನಾವು ಎದ್ದು ಹೊರಗೆ ಹೋದೆವು.

ಆಮೇಲೆ ಈ ಸೀಮೆಯ ಹಾಡುಗಾರರ ಹುಡುಗುತನದ ಸಂಗತಿಗಳನ್ನು ಓದುವುದು ನಮಗೊಂದು ಗೀಳಾಯಿತು. ಹಾನಗಲ್ಲ ಊರನ್ನು ಹೆಸರಿನಲ್ಲಿ ಹೊತ್ತ ಗಂಗೂಬಾಯಿಯವರು ಓದಿದ್ದು ಐದನೆಯ ಇಯತ್ತೆ. ಪಾಠ ಹೇಳಿದ ಮೊದಲ ಗುರುಗಳಲ್ಲಿ ಹುಲಗೂರು ಕೃಷ್ಣಾಚಾರ್ಯರು ಒಬ್ಬರು. ಹಾಡುವ ಮನೆತನದ ಹೆಣ್ಣೆಂದು ಬೀದಿಯಲ್ಲಿ ಆಡಿಕೊಳ್ಳುವವರ ಮಾತು ಕೇಳುತ್ತಲೇ ಅವರು ಬೆಳೆದರು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸ್ವಾಗತಗೀತೆ ಹಾಡಿದಾಗ ಅವರಿಗೆ ಹನ್ನೊಂದು. ಅಷ್ಟು ಜನರ ಮುಂದೆ ಹಾಡುವಾಗ ಆಗದ ಅಂಜಿಕೆ ಊಟದ ಹೊತ್ತಿಗೆ ಆಯಿತಂತೆ; ತಮ್ಮನ್ನು ಬೇರೆ ಕೂರಿಸುತ್ತಾರೋ ಏನೋ ಎಂದು. ಗದುಗಿನ ಭೀಮಸೇನ ಜೋಶಿಯವರು ಅಬ್ದುಲ್ ಕರೀಮ್ ಖಾನರ ರೆಕಾರ್ಡು ಕೇಳಿ, ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕುತ್ತ ಮನೆಬಿಟ್ಟು ಓಡಿಹೋದವರು. ಊರೂರು ಅಲೆದು ಮರಳಿ ಬಂದ ಮೇಲೆ ಗುರು ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ. ಆ ಸವಾಯಿ ಗಂಧರ್ವರು ಕೂಡ ಅಬ್ದುಲ್ ಕರೀಮ್ ಖಾನರ ಶಿಷ್ಯರೇ. ಗಂಗೂಬಾಯಿ ಕಲಿತದ್ದೂ ಅವರಲ್ಲೇ. ಇನ್ನು ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫರು. ಇಮಾಮ್ ಸಾಹೇಬರ ಮಗನನ್ನು ಕಳಸದ ಗೋವಿಂದ ಭಟ್ಟರು ಶಿಷ್ಯನೆಂದು ಅಪ್ಪಿಕೊಂಡಾಗ ಎರಡೂ ಕಡೆಯವರು ಮುಖ ಸಿಂಡರಿಸಿದರು. ಅವರ ಮೇಲೆ ನಾಗಾಭರಣರು 1990ರಲ್ಲಿ ತೆಗೆದ ಸಿನಿಮಾವನ್ನು ನಮ್ಮ ಸವಣೂರಿನ ಮುದುಕಿಯರು ಕೂಡ ನೋಡಿದ್ದಾರೆ. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಭಟ್ಟರಾಗಿ ಮಾಡಿದ್ದು. ಸಿ. ಅಶ್ವತ್ಥರ ಸಂಗೀತ.

ಇವರೆಲ್ಲರ ಕತೆಯಲ್ಲೂ ನಮಗೆ ಕಾಣುವುದು ಒಂದೇ. ಹನ್ನೊಂದರಿಂದ ಹದಿನೇಳರ ನಡುವೆ ಯಾರೋ ಒಬ್ಬರು ಬಾಗಿಲು ತೆಗೆದಿದ್ದಾರೆ. ತೆಗೆದವರು ಬಹಳ ಸಲ ತಮ್ಮ ಜಾತಿಯವರಲ್ಲ, ತಮ್ಮ ಧರ್ಮದವರೂ ಅಲ್ಲ. ಆ ಲಿವರ್‌ಪೂಲಿನ ಹುಡುಗನ ದೊಡ್ಡಮ್ಮ ಗಿಟಾರಿನಿಂದ ಹೊಟ್ಟೆ ತುಂಬದು ಎಂದು ಬೈಯುತ್ತಲೇ ಇದ್ದಳು, ಆದರೂ ಬಾಗಿಲಿಗೆ ಬೀಗ ಹಾಕಲಿಲ್ಲ. ಸಿನಿಮಾಗಳು ಬಾಗಿಲು ತೆಗೆದವರನ್ನು ತೋರಿಸುತ್ತವೆ. ಬಾಗಿಲು ದಾಟಿ ದೊಡ್ಡವರಾದವರನ್ನು ತೋರಿಸುತ್ತವೆ. ಹೊಸ್ತಿಲಲ್ಲೇ ಉಳಿದವರ ಸಿನಿಮಾ ಯಾರೂ ತೆಗೆಯುವುದಿಲ್ಲ. ತೆಗೆಯಲು ಅದರಲ್ಲಿ ಕತೆ ಇರುವುದಿಲ್ಲ. ಒಬ್ಬ ಅಣ್ಣ ಅಂಚೆ ಡಬ್ಬಿಯ ಮುಂದೆ ನಿಲ್ಲದೆ ನಡೆದುಹೋದ ಎಂಬುದರಲ್ಲಿ ಏನು ಕತೆ!

ನಮ್ಮ ತಮ್ಮ ಈಗ ಬಸ್ ನಿಲ್ದಾಣದ ಹತ್ತಿರ ಎಲೆ ಅಡಿಕೆಯ ಡಬ್ಬಿ ಅಂಗಡಿ ಇಟ್ಟಿದ್ದಾನೆ. ಎಲೆಯ ಕಟ್ಟನ್ನು ಬೆರಳಿನಲ್ಲಿ ಎಣಿಸಿದರೆ ಒಂದೂ ತಪ್ಪುವುದಿಲ್ಲ. ಎಳೆಯದು ಯಾವುದು, ಬಲಿತದ್ದು ಯಾವುದು ಮುಟ್ಟಿಯೇ ಹೇಳುತ್ತಾನೆ. ಮದುವೆಯಾಗಿದ್ದಾನೆ, ಇಬ್ಬರು ಮಕ್ಕಳು. ಮೀಲಾದಿನಲ್ಲಿ ನಅತ್ ಹಾಡುತ್ತಾನೆ, ಮೊಹರಮ್ಮಿನಲ್ಲಿ ರಿವಾಯತ್. ಕೆಟ್ಟ ಬದುಕಲ್ಲ. ಹೋಗಿದ್ದರೆ ದೊಡ್ಡ ಗವಾಯಿಯಾಗುತ್ತಿದ್ದನೆಂದು ನಾವು ಹೇಳಲಾರೆವು. ಆಶ್ರಮಕ್ಕೆ ಹೋದ ಎಲ್ಲರೂ ರಾಜಗುರುಗಳಾಗಲಿಲ್ಲ. ತಬಲಾ ಮಾಸ್ತರನಾಗಿ ಯಾವುದೋ ಶಾಲೆಯಲ್ಲಿ ಇರುತ್ತಿದ್ದನೋ ಏನೋ. ಆದರೆ ಏನಾಗುತ್ತಿದ್ದ ಎಂಬುದನ್ನು ನಾವು ಅವನಿಗೆ ತಿಳಿಯಗೊಡಲಿಲ್ಲ.

ಆ ರಾತ್ರಿ ಮಗಳು ಹಳೆಯ ಸಿನಿಮಾದ ಹಾಡನ್ನು ಹುಡುಕಿ ಹಚ್ಚಿದಳು. ಬಾಲಸುಬ್ರಹ್ಮಣ್ಯಂ ಅವರ ದನಿ ಬಂತು. ತಮ್ಮನ ಬೆರಳು ಚಾಪೆಯ ಮೇಲೆ ತಾಳ ಹಾಕತೊಡಗಿತು. ಹಾಡು ಮುಗಿದು ಮಗಳು ಮಲಗಲು ಹೋದ ಮೇಲೆ ನಾವು ಹೇಳಿದೆವು. ಕಾರ್ಡು, ಪುಸ್ತಕ, ಅಬ್ಬಾನಿಗೆ ಹೇಳಿದ ಸುಳ್ಳು, ಎಲ್ಲ.

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ “ಮೇರೆಕು ಮಾಲೂಮ್ ಥಾ” ಎಂದ. ನನಗೆ ಗೊತ್ತಿತ್ತು.

“ಹೇಗೆ?”

“ನಾ ನಿನ್ನ ಕೈ ಹಿಡಕೊಂಡೇ ಹೊಂಟಿದ್ನಲ್ಲ. ದಿನಾ ನಡೆಯೋ ಹಾದಿ. ಪೋಸ್ಟ್ ಡಬ್ಬಿ ಎಲ್ಲಿ ಬರ್ತದ ಅಂತ ನನಗ ಗೊತ್ತಿಲ್ಲೇನು? ನೀ ಅಲ್ಲಿ ನಿಲ್ಲಲೇ ಇಲ್ಲ. ಇನ್ನೂ ಜೋರಾಗಿ ನಡದಿ.”

“ಮತ್ತೆ ಅಬ್ಬಾನ ಮುಂದೆ ಯಾಕೆ ಹೇಳಲಿಲ್ಲ?”

“ನನಗೂ ಅಂಜಿಕಿ ಇತ್ತು, ಭಾಯ್. ಹೋಗಬೇಕು ಅಂತನೂ ಇತ್ತು. ಯಾರಾದ್ರೂ ಬ್ಯಾಡ ಅನ್ಲಿ ಅಂತನೂ ಇತ್ತು. ನೀ ಅಂದಿ.” ಸ್ವಲ್ಪ ತಡೆದು ಮತ್ತೆ ಹೇಳಿದ: “ಆದರ ಎರಡನೇ ಸಲ ಯಾರೂ ಕೇಳಲಿಲ್ಲ ನೋಡು.”

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಹಗುರಾಗುತ್ತಿತ್ತು. ಅವನು ಎದ್ದು, ಗೋಡೆ ಸವರಿಕೊಂಡು, ಬೆಳಗಿನ ಎಲೆಗೆ ನೀರು ಚಿಮುಕಿಸಲು ಹೋದ. ಕತ್ತಲೆಯಲ್ಲಿ ಆ ಹಾಡಿನ ಒಂದು ಸಾಲನ್ನು ಎತ್ತಿಕೊಂಡ, ಮೇಲಕ್ಕೆ ಹೋಗುವಲ್ಲಿ ದನಿ ಒಡೆಯಿತು, ಕೆಮ್ಮಿ ಮತ್ತೆ ಮೊದಲಿನಿಂದ ಹಿಡಿದ.

ಆ ಕಾರ್ಡು ಈಗ ನಮ್ಮಲ್ಲಿಲ್ಲ. ಪುಸ್ತಕವನ್ನು ಮುಂದಿನ ವರ್ಷ ಅರ್ಧ ಬೆಲೆಗೆ ಮಾರಿದೆವು, ಕಾರ್ಡು ಅದರೊಳಗೇ ಹೋಯಿತು. ಕೊಂಡ ಹುಡುಗ ಅದನ್ನು ನೋಡಿ ಏನೆಂದುಕೊಂಡನೋ. ವಿಳಾಸ ಬರೆದಿತ್ತು. ಅವನಾದರೂ ಡಬ್ಬಿಗೆ ಹಾಕಬಹುದಿತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ಅದು ಅವನ ಕೆಲಸವಾಗಿರಲಿಲ್ಲ.